ಸಮುದ್ರದ ಹುಳ ಮತ್ತು ತಿರುಗಿ ಬಂದ ರೊಟ್ಟಿ

ನಾಗರ ಪಂಚಮಿಯ ಮುನ್ನಾದಿನ, ಮನೆಯಿಂದ ಮನೆಗೆ ರೊಟ್ಟಿ ಹಂಚುವ ರೊಟ್ಟಿ ಪಂಚಮಿಯ ಮಧ್ಯಾಹ್ನ, ರೇವವ್ವ ತನ್ನ ಮೈದುನನ ಮಗ ಕಾಶಿನಾಥನ ಮನೆಗೆ ಕಳಿಸಿದ್ದ ರೊಟ್ಟಿ ಬುಟ್ಟಿ ಹೊದಿಸಿದ ಅರಿವೆ ಸಮೇತ ತಿರುಗಿ ಬಂತು. ಕಾಶಿನಾಥನ ಹೆಂಡತಿ ಅನ್ನಪೂರ್ಣಾ ಬುಟ್ಟಿಯನ್ನು ಕಟ್ಟೆಯ ಮೇಲೆ ಇಟ್ಟು, ಸೆರಗು ಸರಿಮಾಡಿಕೊಂಡು, ರೇವವ್ವನ ಮುಖ ನೋಡದೆ ನಿಂತಳು.

"ಯಾಕವಾ?" ಎಂದಳು ರೇವವ್ವ.

"ಅವರು ಬ್ಯಾಡಂದ್ರು ಅತ್ತಿ. ಆ ಹುಳ ಮನ್ಯಾಗ ಇರೂತನಕ ಹಿರೇಮನಿ ರೊಟ್ಟಿ ನಮಗ ಬ್ಯಾಡ ಅಂದ್ರು. ನಂದೇನಿಲ್ಲರಿ ಇದರಾಗ."

ಅಷ್ಟು ಹೇಳಿ ಹೊರಟುಹೋದಳು. ರೇವವ್ವ ಅರಿವೆ ಸರಿಸಿ ನೋಡಿದಳು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಖಡಕ್ ಜೋಳದ ರೊಟ್ಟಿ, ಮಡಿಕೆಕಾಳಿನ ಪಲ್ಯ, ಎಣ್ಣೆಗಾಯಿ, ಗುರೆಳ್ಳು ಚಟ್ನಿ. ಇಟ್ಟದ್ದು ಇಟ್ಟ ಹಾಗೆಯೇ ಇತ್ತು. ಒಂದು ಚೂರೂ ಯಾರೂ ಮುರಿದಿರಲಿಲ್ಲ.

ಮೊರಬದ ಆ ಓಣಿಗೆ ರೇವವ್ವ ಸೊಸೆಯಾಗಿ ಬಂದಾಗ ಅವಳಿಗೆ ಸೀರೆ ಉಡಲೂ ಸರಿಯಾಗಿ ಬರುತ್ತಿರಲಿಲ್ಲ. ಅಂದಿನಿಂದ ಇಂದಿನವರೆಗೆ ಪಂಚಮಿಯ ರೊಟ್ಟಿ ತಿರುಗಿ ಬಂದದ್ದನ್ನು ಅವಳು ಕಂಡಿರಲಿಲ್ಲ, ಕೇಳಿರಲಿಲ್ಲ. ಅಣ್ಣತಮ್ಮಂದಿರು ಪಾಲಾಗಿ, ಹಿರೇಮನೆ ಅಣ್ಣನಾದ ಅವಳ ಗಂಡನಿಗೆ ಉಳಿದು, ಅಂಗಳದ ನಡುವೆ ಗೋಡೆ ಎದ್ದ ವರ್ಷ, ಗೋಡೆಯ ಮೇಲಿಂದಲೇ ಬುಟ್ಟಿ ದಾಟಿತ್ತು. ಬದುವಿನ ಜಗಳದಲ್ಲಿ ಕಾಶಿನಾಥನ ಅಪ್ಪ ಬಾರಕೋಲು ಬೀಸಿ ರೇವವ್ವನ ಗಂಡನ ತಲೆ ಒಡೆದಿದ್ದ. ಆ ವರ್ಷವೂ ರೊಟ್ಟಿ ಹೋಗಿತ್ತು, ಆ ಕಡೆಯಿಂದ ಬಂದಿತ್ತು. ತಲೆಗೆ ಪಟ್ಟಿ ಕಟ್ಟಿಕೊಂಡೇ ಗಂಡ ತಮ್ಮನ ಮನೆಯ ರೊಟ್ಟಿ ಮುರಿದು ತಿಂದಿದ್ದ. ಪಲ್ಯಕ್ಕೆ ಉಪ್ಪು ಕಡಿಮೆ ಎಂದು ಮಾತ್ರ ಅಂದಿದ್ದ. ಇವತ್ತು ಜಗಳವಿಲ್ಲ, ಬಡಿದಾಟವಿಲ್ಲ, ಒಂದು ಹುಳಕ್ಕಾಗಿ ರೊಟ್ಟಿ ತಿರುಗಿ ಬಂದಿತ್ತು. ರೇವವ್ವ ಅರಿವೆ ಮತ್ತೆ ಹೊದಿಸಿ ಬುಟ್ಟಿಯನ್ನು ಒಳಗೆ ಒಯ್ದಳು.

ಹುಳ ಬಂದದ್ದು ಅದಕ್ಕೆ ಎರಡು ದಿನ ಮೊದಲು. ಮಗ ಈರೇಶನ ಮಗಳು ಸೌಂದರ್ಯಾ ಕಾರವಾರದಲ್ಲಿ ಸಮುದ್ರದ ಜೀವಗಳ ಬಗ್ಗೆ ಓದುತ್ತಿದ್ದಳು. ಕರಾವಳಿಯಲ್ಲಿ ಮಳೆ ಹಿಡಿದು ಕಾಲೇಜಿಗೆ ರಜೆ ಕೊಟ್ಟಿದ್ದರು, ಹಾಸ್ಟೆಲಿನಲ್ಲಿ ಕರೆಂಟು ಇರಲಿಲ್ಲ. ಹೇಗೂ ಹೆಣ್ಣುಮಕ್ಕಳು ತವರಿಗೆ ಬರುವ ಹಬ್ಬ, ಅವಳೂ ಬಂದಳು. ಬಸ್ಸಿನಿಂದ ಇಳಿಯುವಾಗ ಅರಿವೆಯ ಚೀಲ ಹೆಗಲಲ್ಲಿ ಜೋತಾಡುತ್ತಿತ್ತು. ಎರಡೂ ಕೈಯಲ್ಲಿ ಬಿಳಿ ಥರ್ಮಾಕೋಲ್ ಡಬ್ಬಿಯನ್ನು ಕೂಸಿನ ಹಾಗೆ ಅವುಚಿಕೊಂಡಿದ್ದಳು. ಹಿಂದೆ ಕಂಡಕ್ಟರ್ ಒಂದು ನೀರಿನ ಕ್ಯಾನು ಇಳಿಸಿಕೊಟ್ಟ.

ಡಬ್ಬಿಯೊಳಗೆ ಗಾಜಿನ ತೊಟ್ಟಿ, ತೊಟ್ಟಿಯಲ್ಲಿ ನಾಲ್ಕು ಬೆರಳು ಮರಳು, ಮೇಲೆ ಸಮುದ್ರದ ನೀರು, ಗುಳುಗುಳು ಗಾಳಿ ಬಿಡುವ ಒಂದು ಪುಟ್ಟ ಬ್ಯಾಟರಿ ಯಂತ್ರ. ಮನೆಯಲ್ಲಿ ಎಲ್ಲಕ್ಕಿಂತ ತಂಪಾದ ಜಾಗ ಜೋಳದ ಚೀಲ ಇಡುವ ಒಳಕೋಣೆ. ಅಲ್ಲಿ ಇಟ್ಟರು. ರೇವವ್ವ ಬಗ್ಗಿ ನೋಡಿದಳು. ಮರಳು ಬಿಟ್ಟರೆ ಏನೂ ಕಾಣಲಿಲ್ಲ.

"ಇದರಾಗ ಏನ ಐತಿ? ಬರೇ ಉಸುಕು ತಂದಿ ಏನು?"

"ಹಗಲಿ ಉಸುಕಿನಾಗ ಹುಗದುಕೊಂಡು ಇರತೈತಿ ಆಯಿ. ದೀಪ ಹಚ್ಚೂ ಹೊತ್ತಿಗೆ ಏಳತೈತಿ. ತಡಿ ನೀನು."

ತಡೆಯುವುದು ರೇವವ್ವನಿಗೆ ಹೊಸತೇನಲ್ಲ. ದೀಪ ಹಚ್ಚಿ, ವಿಭೂತಿ ಹಚ್ಚಿಕೊಂಡು ಬಂದು ಚೀಲಕ್ಕೆ ಒರಗಿ ಕುಳಿತಳು. ಸ್ವಲ್ಪ ಹೊತ್ತಿಗೆ ಮರಳು ಅಲುಗಿತು. ಮೊದಲು ಹೊಲ ಹರಗುವ ಕುಂಟೆಯ ಅಲಗಿನ ಹಾಗೆ ಅಗಲವಾದ ತಲೆ ಮರಳನ್ನು ಎರಡೂ ಕಡೆ ಸರಿಸಿಕೊಂಡು ಬಂತು. ಅದರ ಹಿಂದೆ ಮೈ ಬಂತು. ಗುಲಾಬಿ ಬಣ್ಣದ ಸೀರೆಯ ನಿರಿಗೆಯನ್ನು ನೀರಿನಲ್ಲಿ ಬಿಟ್ಟ ಹಾಗೆ ಮೈ ಅಲೆಯಾಡುತ್ತಿತ್ತು. ನಿರಿಗೆಯ ತುದಿಗೆಲ್ಲ ನೀಲಿ ದಡಿ, ಅದು ಬೆಳಕಿಗೆ ಮಿಂಚುತ್ತಿತ್ತು. ನಡುವೆ ಬೆನ್ನ ಮೇಲೆ ಒಂದು ಚಿಪ್ಪು. ನೀರ ಮೇಲಿನ ಗುಳ್ಳೆಯಷ್ಟೇ ತೆಳ್ಳಗಿತ್ತು, ಅದರ ಸುತ್ತ ಕೂದಲೆಳೆಯಂಥ ಕಂದು ಗೆರೆಗಳಿದ್ದವು.

"ನಮ್ಮ ಬಸವನಹುಳದ ಬಳಗ ಆಯಿ ಇದು. ಗುಳ್ಳಿಚಿಪ್ಪಿನ ಹುಳ ಅಂತ ಕರಿ ಬೇಕಾದ್ರ."

"ಇಷ್ಟ ದೊಡ್ಡ ಮೈಗೆ ಇಷ್ಟ ಸಣ್ಣ ಮನಿ ಯಾಕ?"

"ಪೂರಾ ಒಳಗ ಹೋಗಾಕ ಇದಕ್ಕ ಬರೂದಿಲ್ಲ. ಬಾಗಲಾನೂ ಇಲ್ಲ. ಇದರ ಬಳಗದಾಗ ಎಷ್ಟೋ ಹುಳ ಚಿಪ್ಪು ಪೂರಾ ಬಿಟ್ಟು ಬರೀ ಮೈಲೆ ಅಡ್ಡಾಡತಾವು. ಇದು ಇನ್ನೂ ಬಿಟ್ಟಿಲ್ಲ, ಹೊತಗೊಂಡೂ ಉಪಯೋಗಿಲ್ಲ."

"ಮತ್ತ ಮೀನು ಬಂದ್ರ?"

"ಬಣ್ಣ ನೋಡಿ ಮೀನು ದೂರ ಸರೀತಾವು ಅಂತಾರ. ತಿಂದ ಹುಳದ ವಿಷ ಮೈಯಾಗ ಇಟಗೊಂಡಿರತೈತಿ. ಕಣ್ಣು ಮಾತ್ರ ಇದ್ದೂ ಇಲ್ಲದಂಗ. ನೋಡಿಲ್ಲೆ, ಎರಡು ಕರೀ ಚುಕ್ಕಿ. ಬೆಳಕು ಕತ್ತಲಿ ಅಷ್ಟ ತಿಳಿತೈತಿ. ತಾ ಇಷ್ಟ ಚಂದ ಅದೀನಿ ಅಂತ ಇದಕ್ಕ ಗೊತ್ತಾ ಇಲ್ಲ."

"ಹೆಣ್ಣೇನು?"

"ಹೆಣ್ಣೂ ಹೌದು, ಗಂಡೂ ಹೌದು. ಜೋಡಿ ಬೇಕ ಬೇಕು, ಆದ್ರ ಜೋಡಿ ಆದ ಮ್ಯಾಗ ಎರಡೂ ತತ್ತಿ ಇಡತಾವು."

ರೇವವ್ವ ಬೊಚ್ಚು ಬಾಯಿ ಮುಚ್ಚಿಕೊಂಡು ನಕ್ಕಳು. "ಹಂಗಾರ ಒಬ್ಬರಿಗೊಬ್ಬರು ಬಾಣಂತನ ಮಾಡಬೇಕು. ಅಡ್ಡಿಯಿಲ್ಲ ತಗಿ. ನಿಮ್ಮಜ್ಜಗ ಒಂದ ಸಲಾ ಹಡಿಯೂದು ಬಂದಿದ್ರ ತಿಳೀತಿತ್ತು."

ಮರುದಿನ ಬೆಳಿಗ್ಗೆ ತೊಟ್ಟಿಯಲ್ಲಿ ಇನ್ನೊಂದು ವಸ್ತು ಇತ್ತು. ಸಾಬೂದಾಣಿ ಗಂಜಿಯನ್ನು ಅಗಲ ಪಟ್ಟಿಯಾಗಿ ಎಳೆದು ನಿರಿಗೆ ಹಾಕಿದ ಹಾಗೆ ಬಿಳಿಯದೊಂದು ಲೋಳೆ, ನೂಲಿನಂಥ ಎಳೆಯಿಂದ ಮರಳಿಗೆ ಅಂಟಿಕೊಂಡು ನೀರಲ್ಲಿ ತೂಗುತ್ತಿತ್ತು. ಸೌಂದರ್ಯಾ ಅದನ್ನು ನೋಡಿ ನೆಲದ ಮೇಲೆ ಕುಳಿತುಬಿಟ್ಟಳು. ಕಣ್ಣಲ್ಲಿ ನೀರು.

"ಯಾಕ ಅಳತೀ ಬೇ?"

"ತತ್ತಿ ಆಯಿ. ಜೋಡಿ ಕಾರವಾರದಾಗ ಆಗಿತ್ತು. ಒಂದೊಂದು ಚುಕ್ಕಿನೂ ಒಂದೊಂದು ತತ್ತಿ. ಚಳಿಗಾಲದಿಂದ ಇದಕ್ಕ ಕಾಯಾಕತ್ತೇನಿ. ಹೋದ ಸಲ ತತ್ತಿ ಇಟ್ಟಾಗ ಕರೆಂಟ್ ಹೋಗಿ ಎಲ್ಲಾ ಕೆಟ್ಟುವು. ಇವು ಒಡದು ಮರಿ ಹೊರಗ ಬೀಳೂದನ್ನ ನಾ ದಿನಾ ನೋಡಿ ಬರದುಕೋಬೇಕು. ನನ್ನ ಓದು ಅಂದ್ರ ಅದ. ಮಳಿಗಾಲ ಮುಗಿಯೂತನ ಸಮುದ್ರಕ್ಕ ಯಾರನ್ನೂ ಇಳಿಸೂದಿಲ್ಲ. ಈ ಹುಳ ಬದುಕೂದು ಒಂದು ವರ್ಷ, ಹೆಚ್ಚಂದ್ರ ಇನ್ನೊಂದಿಷ್ಟು. ಇವು ಹೋದ್ರ ನನ್ನ ವರ್ಷ ಹೋದಂಗ."

"ನನ್ನ ಮನ್ಯಾಗ ತಂದಿಟ್ಟ ಜೀವಕ್ಕ ಏನೂ ಆಗೂದಿಲ್ಲ. ಕಣ್ಣ ಒರಸ್ಕೊ" ಎಂದಳು ರೇವವ್ವ.

ಒಂದು ತೊಡಕು ಮಾತ್ರ ಇತ್ತು. ಆ ಹುಳ ತಿನ್ನುವುದು ಹುಳವನ್ನೇ. ಸಮುದ್ರದ ಕೆಸರಿನಲ್ಲಿ ಇರುವ, ಕೆಂಪು ನೂಲಿನಂಥ ಒಂದೇ ಜಾತಿಯ ಹುಳ. ಅದನ್ನೂ ಸೌಂದರ್ಯಾ ಒಂದು ಡಬ್ಬಿಯಲ್ಲಿ ತಂದಿದ್ದಳು. ಹಿರೇಮನೆಯ ಹೊಸ್ತಿಲೊಳಗೆ ಜೀವ ಕೊಲ್ಲುವುದಿಲ್ಲ. ಚೇಳು ಬಂದರೂ ಚಿಮಟದಲ್ಲಿ ಹಿಡಿದು ಬೇಲಿಗೆ ಬಿಟ್ಟು ಬರುವ ಮನೆ ಅದು. ರೇವವ್ವ ಬಹಳ ಹೊತ್ತು ಯೋಚನೆ ಮಾಡಿದಳು. ಕೊನೆಗೆ, "ಅದು ಉಣ್ಣೂದನ್ನ ಅದು ಉಣ್ಣಬೇಕು. ಹೊಸ್ತಲಾ ದಾಟಿಸಿ ಕೊಟ್ಟಿಗ್ಯಾಗ ಉಣಿಸು, ಆಮ್ಯಾಗ ಒಳಗ ತಾ" ಎಂದಳು. ಸೌಂದರ್ಯಾ ಹಾಗೆಯೇ ಮಾಡಿದಳು. ರೊಟ್ಟಿ ಪಂಚಮಿಯ ಬೆಳಿಗ್ಗೆ ಹಬ್ಬಕ್ಕೆ ಮಜ್ಜಿಗೆ ಕೇಳಲು ಬಂದ ಅನ್ನಪೂರ್ಣಾ ಕೊಟ್ಟಿಗೆಯಲ್ಲಿ ಅದನ್ನು ಕಂಡಳು. ತಿಂಡಿಯ ವಾಸನೆಗೆ ಹಗಲಲ್ಲೇ ಎದ್ದ ಹುಳ ಬಾಯನ್ನು ಹೊರಗೆ ಚಾಚಿ ಕೆಂಪು ನೂಲನ್ನು ಶಾವಿಗೆಯಂತೆ ಒಳಗೆಳೆದುಕೊಂಡದ್ದನ್ನು ನೋಡಿ, ಮಜ್ಜಿಗೆಯನ್ನೂ ಒಯ್ಯದೆ ಹೋದಳು.

ಬುಟ್ಟಿ ತಿರುಗಿ ಬಂದ ಸ್ವಲ್ಪ ಹೊತ್ತಿಗೆ ಕಾಶಿನಾಥನೇ ಬಂದ. ಊರಲ್ಲಿ ಗೊಬ್ಬರ, ಎಣ್ಣೆಯ ಅಂಗಡಿ ಅವನದು. ಬೆಳೆಗೆ ಹೊಡೆಯುವ ಕ್ರಿಮಿನಾಶಕಕ್ಕೆ ಆ ಕಡೆ ಎಣ್ಣೆ ಎಂದೇ ಹೆಸರು. ಶ್ರಾವಣದಲ್ಲಿ ಮಠದಲ್ಲಿ ಪುರಾಣ ಹಚ್ಚಿದಾಗ ಮುಂದಿನ ಸಾಲಿನಲ್ಲಿ ಕೂರುವವನು. ಕಟ್ಟೆಯ ಮೇಲೆ ಕುಳಿತ, ನೀರು ಕೇಳಲಿಲ್ಲ. ಕೇಳಿದ್ದರೆ ಕುಡಿಯಬೇಕಾಗುತ್ತಿತ್ತು.

"ಸಿಟ್ಟ ಮಾಡಬ್ಯಾಡ ದೊಡ್ಡವ್ವ. ನೀನ ಹಿರ್ಯಾಕಿ, ನಿನಗ ನಾ ಏನ ಹೇಳೂದು. ಆದ್ರ ಲಿಂಗವಂತರ ಮನ್ಯಾಗ ಹುಳ ತಿನ್ನೂ ಹುಳ ಸಾಕ್ತಾರನು? ಅದೂ ಗಂಡಲ್ಲ ಹೆಣ್ಣಲ್ಲ ಅಂತ. ಊರೆಲ್ಲಾ ನಗಾಕತ್ತೈತಿ."

"ಕೊಟ್ಟಿಗ್ಯಾಗ ಉಣಿಸೇವಿ. ಒಳಗಲ್ಲ."

"ಕೊಟ್ಟಿಗಿನೂ ಹಿರೇಮನಿದ ಅಲ್ಲ?"

"ನಿನ್ನ ಅಂಗಡ್ಯಾಗ ಏನ ಮಾರ್ತೀಯೋ ಕಾಶಿ? ಆ ಡಬ್ಬಿ ಮ್ಯಾಲೆ ಸತ್ತ ಹುಳದ ಚಿತ್ರಾನ ಬರದಾರಲ್ಲ."

"ಅದು ಒಕ್ಕಲತನ ದೊಡ್ಡವ್ವ. ಹೊಟ್ಟಿಪಾಡು."

"ಇದರದೂ ಹೊಟ್ಟಿಪಾಡ. ಇದು ಹೊಟ್ಟಿ ಹಿಡಿಸೂವಷ್ಟ ತಿಂತೈತಿ, ಆಮ್ಯಾಗ ಬಾಯಿ ಮುಚ್ಚತೈತಿ. ನಿನ್ನ ಎಣ್ಣಿ ಹೊಡದ ಹೊಲದಾಗ ಜೇನಹುಳಾನೂ ಉಳಿಯೂದಿಲ್ಲ."

ಒಳಗಿನಿಂದ ಸೌಂದರ್ಯಾ ಬಂದು ಏನೋ ಹೇಳಲು ಬಾಯಿ ತೆರೆದಳು. ಕಾಶಿನಾಥ ಕೈ ಎತ್ತಿದ. "ನೀ ಸುಮ್ಮನಿರವಾ. ಕಲತಾಕಿ ನೀನು, ನಿನ್ನ ಕೂಡ ಮಾತಾಡಾಕ ನನಗ ಬರೂದಿಲ್ಲ. ಆ ಹುಳ, ಆ ನಾರೂ ನೀರು ಹೊರಗ ಹೋಗ್ಲಿ, ನಾನ ಬಂದು ರೊಟ್ಟಿ ಇಸಗೊಂಡು ಹೋಗ್ತೀನಿ. ನಾಳೆ ನಮ್ಮ ಹೆಂಗಸರು ಹಾಲ ಎರಿಯಾಕ ಇಲ್ಲೇ ಬರಬೇಕು. ಇದು ಹಿಂಗ ಇದ್ರ ಹ್ಯಾಂಗ ಬರತಾರ?"

ಪಂಚಮಿಯ ದಿನ ಆ ಮನೆತನದ ಹೆಂಗಸರೆಲ್ಲ ಹಿರೇಮನೆಗೆ ಬಂದು, ಮಣ್ಣಿನ ನಾಗಪ್ಪನಿಗೆ ಹಾಲು ಎರೆಯಬೇಕು. ಅದು ಹಿಂದಿನಿಂದ ಬಂದದ್ದು.

ರೇವವ್ವ ಎದ್ದಳು. "ಹುಳ ಇರತೈತಿ. ಬರೂದು ಬಿಡೂದು ನಿಮ್ಮ ಇಷ್ಟ" ಎಂದು ಹೇಳಿ ಒಳಗೆ ಹೋದಳು. ಇವನನ್ನು ಚಿಕ್ಕವನಿದ್ದಾಗ ಸೊಂಟದ ಮೇಲೆ ಹೊತ್ತು ತಿರುಗಿದ್ದೇನೆ, ಇವನ ಮೂಗು ಒರೆಸಿದ್ದೇನೆ, ಈಗ ನನಗೆ ಲಿಂಗವಂತಿಕೆ ಕಲಿಸುತ್ತಾನೆ ಎಂದು ಒಳಗೊಳಗೇ ಕುದಿದಳು. ಕುದಿಯುತ್ತಲೇ ಇನ್ನೊಂದು ಬುಟ್ಟಿ ತುಂಬಿಕೊಂಡು ಮಗ್ಗುಲ ಓಣಿಯ ಫಾತಿಮಾಬಿಯ ಮನೆಗೆ ರೊಟ್ಟಿ ಕೊಡಲು ಹೊರಟಳು. ಹೋಗುವಾಗ ಸೊಸೆ ನಂದಾಗೆ, "ಹುಳದ ಕಡೆ ಒಂದ ಕಣ್ಣಿರಲಿ" ಎಂದಳು.

ಫಾತಿಮಾಬಿ ರೊಟ್ಟಿ ಇಸಿದುಕೊಂಡು ಸಂಗತಿ ಕೇಳಿ ನೆಟ್ಟಗೆ ಕುಳಿತಳು. "ರಮಜಾನಕ್ಕ ನಮ್ಮ ಮನ್ಯಾಗ ಸುರಕುಂಬಾ ಎರಡ ವಾಟಗಾ ಕುಡದ ಹೋಗ್ತಾನ ರೇವಕ್ಕ ನಿಮ್ಮ ಕಾಶಿನಾಥ. ಈ ಭಾಂಡೇದಾಗ ನಿನ್ನಿ ಏನ ಬೇಯಿಸಿದ್ರಿ ಅಂತ ಒಂದ ದಿನಾನೂ ಕೇಳಿಲ್ಲ. ಪಾಪ, ಮರ್ತಿರಬೇಕು."

ರೇವವ್ವನಿಗೆ ಆಗ ಸ್ವಲ್ಪ ನಗು ಬಂತು. ಚಹಾ ಕುಡಿದು, ಅದೂ ಇದೂ ಮಾತಾಡಿ, ಎದ್ದು ಬಂದಳು.

ಈ ಹೊತ್ತಿನಲ್ಲಿ ಮನೆಯಲ್ಲಿ ನಡೆದದ್ದು ಇಷ್ಟು. ನಂದಾ ಕೆಟ್ಟವಳಲ್ಲ. ರೊಟ್ಟಿ ತಿರುಗಿ ಬಂದದ್ದಕ್ಕೆ ಅತ್ತೆಗಿಂತ ಹೆಚ್ಚು ಅವಳು ಹೆದರಿದ್ದಳು. ಅತ್ತೆಗೆ ವಯಸ್ಸಾಯಿತು, ನಾಳೆ ಈ ಮನೆತನದ ನಡುವೆ ಬಾಳಬೇಕಾದವಳು ತಾನು. ಕಾಶಿನಾಥ ಹೋಗುವಾಗ ಹಿತ್ತಲ ಗೋಡೆಯ ಹತ್ತಿರ ನಿಂತು ಅವಳಿಗೆ ಬೇರೆಯಾಗಿ ಹೇಳಿದ್ದ: "ಹುಳ ಚೆಲ್ಲಾಕ ಮನಸ್ಸು ಬರಲಿಲ್ಲಂದ್ರ ಆ ನಾರೂ ನೀರರ ಚೆಲ್ಲ ನಂದಾ. ಅಷ್ಟು ಮಾಡು, ಉಳಿದದ್ದು ನಾ ನೋಡ್ಕೋತೀನಿ."

ಜೀವವನ್ನು ಚೆಲ್ಲುವುದು ನಂದಾಳಿಂದ ಆಗದ ಮಾತು. ನೀರು ಚೆಲ್ಲುವುದು ಆಗುವ ಮಾತಾಗಿತ್ತು. ಹಬ್ಬದ ಮುನ್ನಾದಿನ ಮನೆಯ ಹರವಿ, ಕೊಡ, ಹಂಡೆಗಳ ಹಳೆಯ ನೀರನ್ನೆಲ್ಲ ಚೆಲ್ಲಿ ಹೊಸ ನೀರು ತುಂಬುವುದು ಆ ಮನೆಯ ಪದ್ಧತಿ. ಬೆಳಿಗ್ಗೆಯಿಂದ ಅವಳು ಎಲ್ಲ ಚೆಲ್ಲಿ ತುಂಬಿದ್ದಳು, ಒಳಕೋಣೆಯದು ಮಾತ್ರ ಉಳಿದಿತ್ತು. ಮಗಳನ್ನು ಕರೆದು, "ಹುಡಗ್ಯಾರೆಲ್ಲಾ ಬೇವಿನ ಗಿಡಕ್ಕ ಜೋಕಾಲಿ ಕಟ್ಯಾರ, ಬಂದಾಗಿಂದ ಅದರ ಮುಂದ ಕುಂತೀ. ಹೋಗು, ಒಂದೀಟು ಆಡಿ ಬಾ" ಎಂದು ಕಳಿಸಿದಳು. ತೊಟ್ಟಿಯ ನೀರು ಹಿತ್ತಲಿಗೆ ಚೆಲ್ಲಿದಳು. ಕ್ಯಾನಿನ ನೀರೂ ಅದೇ ವಾಸನೆ, ಅದನ್ನೂ ಚೆಲ್ಲಿ ಕ್ಯಾನನ್ನು ಹುಣಸೆಹಣ್ಣು ಹಾಕಿ ತಿಕ್ಕಿ ತೊಳೆದಳು. ಮತ್ತೆ ತುಂಬಲು ಯಾವ ನೀರು? ಉಪ್ಪು ನೀರು ಬೇಕೆಂದು ಮಗಳು ಅಂದದ್ದು ನೆನಪಿತ್ತು. ಮೊರಬದ ಬೋರಿನ ನೀರು ಸವಳು. ಬೇಳೆ ಬೇಯುವುದಿಲ್ಲ, ಬಾಯಿಗೆ ಹಾಕಿದರೆ ಉಗುಳಬೇಕು. ಅದೇ ಸರಿ ಎಂದು ಎರಡು ಕೊಡ ಸವಳು ನೀರು ತಂದು, ಅರಿವೆಯಲ್ಲಿ ಸೋಸಿ, ಮೆಲ್ಲಗೆ ತೊಟ್ಟಿಗೆ ಸುರಿದಳು. ಹುಳ ಮರಳಿನಿಂದ ಎದ್ದು ಬಂತು. ಹೊಸ ನೀರಿಗೆ ಖುಷಿಯಾಗಿದೆ ಎಂದುಕೊಂಡಳು.

ಸೌಂದರ್ಯಾ ಜೋಕಾಲಿಯಿಂದ ಬಂದದ್ದೂ ರೇವವ್ವ ಬಂದದ್ದೂ ಒಂದೇ ಹೊತ್ತಿಗೆ. ಒಳಕೋಣೆಗೆ ಹೋದ ಹುಡುಗಿ ಅಲ್ಲೇ ನಿಂತಳು. ರೇವವ್ವ ಹಿಂದಿನಿಂದ ಇಣುಕಿದಳು. ಹುಳ ಮಗ್ಗಲಾಗಿ ಬಿದ್ದಿತ್ತು. ಮೈ ಊದಿತ್ತು. ಗುಲಾಬಿ ಬಣ್ಣದ ಮೇಲೆ ಬಿಳಿ ಲೋಳೆ ಕಟ್ಟಿತ್ತು, ನೀಲಿ ದಡಿ ಎಲ್ಲಿತ್ತೆಂದೇ ತಿಳಿಯದಂತಾಗಿತ್ತು. ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳೋಣವೆಂದರೆ ಅದಕ್ಕೆ ಬಾಗಿಲಿಲ್ಲ.

"ನೀರು ಯಾರು ಬದಲಿ ಮಾಡಿದ್ರು?"

"ಉಪ್ಪ ನೀರ ಹಾಕೇನಲ್ಲ" ಎಂದಳು ನಂದಾ ಬಾಗಿಲಲ್ಲಿ. "ನಮ್ಮ ಬೋರಿಂದು. ಸೋಸಿ ಹಾಕೇನಿ."

ಸೌಂದರ್ಯಾ ತಾಯಿಯ ಮುಖ ನೋಡಿದಳು. "ಅವ್ವ, ಸಮುದ್ರದ ಉಪ್ಪು ಎಲ್ಲಿ, ನಮ್ಮ ಸವಳು ಎಲ್ಲಿ. ಹುಳಕ್ಕ ಇದು ಸಿಹಿ ನೀರು ಇದ್ದಂಗ. ನೀರು ಮೈಯಾಗ ಹೊಕ್ಕು ಹೊಕ್ಕು ಊದತೈತಿ. ತಡಿಯಾಕ ಅದಕ್ಕ ಆಗೂದಿಲ್ಲ." ಮತ್ತೆ ಕ್ಯಾನಿನ ಕಡೆ ತಿರುಗಿದಳು. ಕ್ಯಾನು ಹಿತ್ತಲಲ್ಲಿ ಬೋರಲಾಗಿ ಒಣಗುತ್ತಿತ್ತು.

ನಂದಾ ಅತ್ತೆಯ ಕಡೆ ತಿರುಗಿದಳು. "ಕಾಶಿನಾಥ ಅವರು ಹಿತ್ತಲ ಗ್ವಾಡಿ ಹತ್ರ ನಿಂತು ಅಂದ್ರು, ನೀರರ ಚೆಲ್ಲು ಅಂತ. ಹುಳಕ್ಕ ನಾ ಏನೂ ಮಾಡಬೇಕಂತ ಮಾಡಲಿಲ್ಲ ಅತ್ತೀರಿ."

ಸೊಸೆಯ ಮೇಲೆ ರೇವವ್ವನಿಗೆ ಸಿಟ್ಟು ಬರಲಿಲ್ಲ. ಬರಬೇಕಾದ ಸಿಟ್ಟೆಲ್ಲ ಗೋಡೆಯ ಆಚೆಗೆ ಹೋಗಿ ನಿಂತಿತ್ತು. ಚೆಲ್ಲಲು ಹೇಳಿದವನು ಕಾಶಿನಾಥ, ಚೆಲ್ಲಿದ ಕೈ ಇನ್ನೊಬ್ಬರದು.

ಸೌಂದರ್ಯಾ ಅಳುತ್ತಲೇ ಕೆಲಸಕ್ಕಿಳಿದಳು. ಶುದ್ಧ ನೀರಿನ ಘಟಕದಿಂದ ತಂದ ನೀರಿಗೆ ಹರಳುಪ್ಪು ಕರಗಿಸಿ, ತನ್ನ ಚೀಲದಿಂದ ಉಪ್ಪು ಅಳೆಯುವ ಒಂದು ಗಾಜಿನ ಕಡ್ಡಿ ತೆಗೆದು ತೇಲಬಿಟ್ಟು, ಅದು ಎಲ್ಲಿಗೆ ನಿಲ್ಲುತ್ತದೆಂದು ನೋಡಿ ಮತ್ತೆ ಉಪ್ಪು ಹಾಕಿದಳು. ಹುಳವನ್ನೂ ತತ್ತಿಯ ಪಟ್ಟಿಯನ್ನೂ ಬೇರೆ ಬೇರೆ ಪಾತ್ರೆಗೆ ಬಿಟ್ಟಳು. "ಇದು ಸಮುದ್ರದ ನೀರಲ್ಲ. ಬರೇ ಉಪ್ಪು. ತತ್ತಿ ಒಂದು ದಿನ ತಡದಾವು, ಮುಂದ ಇಲ್ಲ."

ಆಗಷ್ಟೇ ಮನೆಗೆ ಬಂದು ಬಾಗಿಲ ಹೊರಗೆ ನಿಂತಿದ್ದ ಈರೇಶ ಕೇಳಿದ, "ಸಮುದ್ರದ ನೀರು ಕಾರವಾರದ್ದ ಆಗಬೇಕೋ, ಅಂಕೋಲಾದ್ದು ನಡೀತೈತೋ?"

"ನಡೀತೈತಿ ಅಪ್ಪ. ಹೊಳಿ ಕೂಡೂ ಬಾಜು ಮಾತ್ರ ತುಂಬಬ್ಯಾಡ, ಅಲ್ಲೆ ಮಳಿ ನೀರು ಕೂಡಿರತೈತಿ."

ಈರೇಶ ಎರಡು ಕ್ಯಾನು ಬೈಕಿಗೆ ಕಟ್ಟಿ, ಗೊಬ್ಬರದ ಚೀಲವನ್ನು ಮಳೆಗೆ ತಲೆಯ ಮೇಲೆ ಕೊಪ್ಪೆ ಮಾಡಿಕೊಂಡು ಹೊರಟ. ಹಬ್ಬದ ದಿನ, ಘಟ್ಟದ ಮಳೆ, ಎಂದು ನಂದಾ ಏನೋ ಹೇಳಲು ಹೋದಳು. ಅವನು ಕಿಕ್ ಹೊಡೆದ ಸದ್ದಿನಲ್ಲಿ ಅದು ಕೇಳಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಹುಳ ಸತ್ತಿತು. ಏಳುವ ಹೊತ್ತಿಗೆ ಅದು ಏಳಲಿಲ್ಲ. ಅದೇ ಹೊತ್ತಿಗೆ ಅನ್ನಪೂರ್ಣಾ ತನ್ನ ಮನೆಯ ರೊಟ್ಟಿ ಬುಟ್ಟಿ ತಂದಳು. ಸುದ್ದಿ ಗೋಡೆ ದಾಟಿತ್ತು.

"ಅವರು ಕೊಟ್ಟು ಬಾ ಅಂದ್ರು ಅತ್ತಿ. ನಿಮ್ಮ ರೊಟ್ಟಿನೂ ಇಸಗೊಂಡು ಬಾ ಅಂದ್ರು. ಇನ್ನೇನೂ ಇಲ್ಲಲ್ಲ ಮನ್ಯಾಗ."

"ನಿಮ್ಮ ರೊಟ್ಟಿ ಇಟ್ಟ ಹೋಗು. ರೊಟ್ಟಿ ಏನೂ ತಪ್ಪ ಮಾಡಿಲ್ಲ, ಅದನ್ನ ನಾ ತಿರಗಸೂದಿಲ್ಲ" ಎಂದಳು ರೇವವ್ವ. "ನಮ್ಮ ಬುಟ್ಟಿ ಕೊಡಾಕಾಗೂದಿಲ್ಲ. ಅದರಾಗಿನ ರೊಟ್ಟಿ ದನಕ್ಕ ಹಾಕೇನಿ."

ಪಂಚಮಿಯ ಬೆಳಿಗ್ಗೆ ಮನೆತನದ ಹೆಂಗಸರು ಹೊಸ ಸೀರೆ ಉಟ್ಟು, ಬಟ್ಟಲಲ್ಲಿ ಹಾಲು, ತಟ್ಟೆಯಲ್ಲಿ ಉಂಡಿ, ಜೋಳದ ಅಳ್ಳು ಹಿಡಿದು ಹಿರೇಮನೆಯ ಅಂಗಳಕ್ಕೆ ಬಂದರು. ಪಡಸಾಲೆ ಸಾರಿಸಿರಲಿಲ್ಲ. ಮಣ್ಣಿನ ನಾಗಪ್ಪನನ್ನು ಕೂರಿಸಿರಲಿಲ್ಲ. ರೇವವ್ವ ನಿನ್ನೆಯ ಸೀರೆಯಲ್ಲೇ ಕಟ್ಟೆಯ ಮೇಲೆ ಕುಳಿತಿದ್ದಳು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಹಿಂದೆ ಕಾಶಿನಾಥನೂ ಇದ್ದ, ಹೊಸ ಧೋತರ ಉಟ್ಟು, ನಿನ್ನೆಗಿಂತ ಮೆತ್ತಗಾಗಿ.

"ದೊಡ್ಡವ್ವ, ಇನ್ನೂ ತಯಾರಿ ಇಲ್ಲ?"

"ಈ ವರ್ಷ ಹಿರೇಮನ್ಯಾಗ ಪಂಚಮಿ ಇಲ್ಲ. ಸಾವಾಗೈತಿ."

"ಯಾರ ಸಾವು?"

"ನಿನ್ನಿ ಸಂಜಿಕ ಆತಲ್ಲ. ನಿನಗ ಗೊತ್ತಾಗೇನ ಅನ್ನಪೂರ್ಣಾನ ಕೈಲೆ ಬುಟ್ಟಿ ಕಳಿಸಿದಿ."

ಕಾಶಿನಾಥ ನಗಲು ನೋಡಿದ. ಹೆಂಗಸರು ಯಾರೂ ನಗಲಿಲ್ಲವಾದ್ದರಿಂದ ನಿಲ್ಲಿಸಿದ. "ಲಿಂಗವಂತರಿಗೆ ಸೂತಕ ಎಲ್ಲೈತಿ ದೊಡ್ಡವ್ವ?"

"ಸೂತಕ ಅನ್ನಲಿಲ್ಲ ನಾನು. ಸಾವಾದ ಮನ್ಯಾಗ ಹಬ್ಬ ಇಲ್ಲ ಅಂದೆ. ನಿಮ್ಮಪ್ಪ ತೀರಿಕೊಂಡ ವರ್ಷ ನಾವು ಮಾಡಲಿಲ್ಲ. ನಿನ್ನ ದೊಡ್ಡಪ್ಪ ಹೋದ ವರ್ಷ ಮಾಡಲಿಲ್ಲ."

"ಅವರೂ ಒಂದ, ಇದೂ ಒಂದ ಏನು? ಒಂದು ಹುಳಕ್ಕ ಯಾರರ ಹಬ್ಬ ಬಿಡತಾರನು?"

"ಒಂದು ಹುಳಕ್ಕ ಯಾರರ ರೊಟ್ಟಿ ತಿರಗಸ್ತಾರನು?" ರೇವವ್ವ ದನಿ ಎತ್ತಲಿಲ್ಲ. "ನಿನ್ನಿ ಅದು ಎಷ್ಟು ದೊಡ್ಡದಿತ್ತೋ ಕಾಶಿ. ನಿಮ್ಮಪ್ಪ ನನ್ನ ಗಂಡನ ತಲಿ ಒಡದಾಗ ನಿಲ್ಲದ ರೊಟ್ಟಿ, ಅದರ ಸಲುವಾಗಿ ನಿಂತಿತು. ಅಷ್ಟು ದೊಡ್ಡ ಜೀವ ಸತ್ತ ಮ್ಯಾಗ ಸಣ್ಣದಾತೇನು? ನನ್ನ ಮೊಮ್ಮಗಳಿಗೆ ನಾ ಮಾತ ಕೊಟ್ಟಿದ್ದೆ, ಈ ಮನ್ಯಾಗ ಅದಕ್ಕ ಏನೂ ಆಗೂದಿಲ್ಲಂತ. ಅದು ಬೇಟೆಗಾರನ ಕೈಯಾಗ ಸಾಯಲಿಲ್ಲ, ಮೀನಿನ ಬಾಯಾಗ ಸಾಯಲಿಲ್ಲ. ಹಿರೇಮನಿ ಹೊಸ್ತಲದಾಗ ಸತ್ತೈತಿ. ಚೇಳೂ ಸಾಯದ ಹೊಸ್ತಲದಾಗ. ಚೆಲ್ಲಬೇಕಂದ್ರ ನೀನ ಬಂದು ಚೆಲ್ಲಬೇಕಿತ್ತು. ನನ್ನ ಮುಂದ. ಗ್ವಾಡಿ ಹತ್ರ ನಿಂತು ಸೊಸಿ ಕೈಲೆ ಮಾಡಸೂದು ಯಾವ ಪುರಾಣದಾಗ ಬರತೈತಿ ಹೇಳು. ನಾನೂ ಕೇಳತೀನಿ, ಇವರೂ ಕೇಳತಾರ."

ಹಾಲಿನ ಬಟ್ಟಲು ಹಿಡಿದ ಹೆಂಗಸರು ಈಗ ಕಾಶಿನಾಥನ ಕಡೆ ನೋಡಿದರು. ಗೋಡೆಯ ಮಾತು ಅವರಿಗೆ ಗೊತ್ತಿರಲಿಲ್ಲ. ಅನ್ನಪೂರ್ಣಾಗೂ ಗೊತ್ತಿರಲಿಲ್ಲವೆಂದು ಅವಳ ಮುಖವೇ ಹೇಳುತ್ತಿತ್ತು.

"ನಾ ನೀರು ಚೆಲ್ಲಂದೆ" ಎಂದ ಕಾಶಿನಾಥ. "ಕೊಲ್ಲು ಅನ್ನಲಿಲ್ಲ."

"ನೀರಾಗ ಇರೂದಕ್ಕ ನೀರು ಚೆಲ್ಲಂದ್ರ ಮತ್ತೇನು?"

ಅವನು ಹೆಗಲ ಮೇಲಿನ ಟಾವೆಲ್ ತೆಗೆದು ಮತ್ತೆ ಹಾಕಿಕೊಂಡ. ಹೆಂಗಸರಲ್ಲಿ ಹಿರಿಯಳೊಬ್ಬಳು ಮೆಲ್ಲಗೆ, "ಹಂಗಾರ ಹಾಲು?" ಎಂದಳು.

"ಈ ವರ್ಷ ಕಾಶಿನಾಥನ ಮನ್ಯಾಗ ಎರೀರಿ. ಹಿರೇಮನ್ಯಾಗ ಯಾಕಿಲ್ಲ ಅಂತ ಊರಾಗ ಯಾರರ ಕೇಳಿದ್ರ, ಇದ್ದದ್ದು ಇದ್ದಂಗ ಹೇಳ್ರಿ. ಒಂದು ಮಾತು ಕೂಡಿಸಬ್ಯಾಡ್ರಿ, ಒಂದು ಬಿಡಬ್ಯಾಡ್ರಿ."

ಆಗ ಓಣಿಯ ತಿರುವಿನಲ್ಲಿ ಬೈಕಿನ ಸದ್ದಾಯಿತು. ಈರೇಶ ನೆತ್ತಿಯಿಂದ ಹಿಮ್ಮಡಿಯವರೆಗೆ ಕೆಸರಾಗಿದ್ದ. ಎರಡೂ ಕ್ಯಾನು ಬಿಚ್ಚಿ, ಒಂದೊಂದು ಕೈಯಲ್ಲಿ ಒಂದೊಂದು ಹಿಡಿದು, "ಸರೀರಿ" ಎಂದು ಹೆಂಗಸರ ನಡುವಿನಿಂದ ಒಳಗೆ ಹೋದ. ರೇವವ್ವ ಅವನ ಹಿಂದೆ ಎದ್ದು ಹೋದಳು. ಅಂಗಳದಲ್ಲಿ ಯಾರು ನಿಂತರು, ಯಾರು ಹೋದರು ಎಂದು ತಿರುಗಿ ನೋಡಲಿಲ್ಲ.

ಒಳಕೋಣೆಯಲ್ಲಿ ಸೌಂದರ್ಯಾ ಹೊಸ ನೀರನ್ನು ತತ್ತಿಯ ಪಾತ್ರೆಗೆ ಸ್ವಲ್ಪ ಸ್ವಲ್ಪವೇ ಕೂಡಿಸಿದಳು. ನಂದಾ ಬ್ಯಾಟರಿ ದೀಪ ಹಿಡಿದು ನಿಂತಿದ್ದಳು. ಹುಡುಗಿ ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದಳು. ಪಟ್ಟಿಯ ಒಂದು ಬದಿ ಹಾಲು ಒಡೆದ ಹಾಗೆ ಮಬ್ಬಾಗಿತ್ತು, ಅದು ಸತ್ತದ್ದು. ಇನ್ನೊಂದು ಬದಿ ತಿಳಿಯಾಗಿತ್ತು.

"ಬಾ ಆಯಿ, ನೋಡು. ಈ ಕಡೆ ಬದಿ."

ರೇವವ್ವ ಗಾಜಿಗೆ ಕಣ್ಣು ಹಚ್ಚಿದಳು. ಮೊದಲು ಬರೀ ಮಂಜು. ಆಮೇಲೆ ಚುಕ್ಕಿಗಳು. ಒಂದೊಂದು ಚುಕ್ಕಿಯೂ ತನ್ನ ಪುಟ್ಟ ಪೊರೆಯೊಳಗೆ ನಿಂತಲ್ಲೇ ಗಿರಗಿರ ತಿರುಗುತ್ತಿತ್ತು.

"ಅರ್ಧಾ ಆದ್ರೂ ಉಳದಾವು" ಎಂದಳು ಸೌಂದರ್ಯಾ.

"ಅರ್ಧಾ ಹೋದ್ವು" ಎಂದಳು ರೇವವ್ವ. ಕಣ್ಣು ಗಾಜಿನಿಂದ ತೆಗೆಯಲಿಲ್ಲ.